ಸರ್ವರ್ ನಿಲ್ಲಬಾರದ ನಲವತ್ತು ದಿನ

ನನ್ನ ನೋಟ್‌ಬುಕ್ಕಿನಲ್ಲಿ ಜೂನ್ 10, ಸೋಮವಾರದ ಕೆಳಗೆ ಮೂರೇ ಸಾಲುಗಳಿವೆ. ‘ಬಾಗೇವಾಡಿ ಆಫೀಸಿಗೆ ಹೋಗಿದ್ದೆ. ಹಳೆಯ ಸರ್ವರಿನ ಆಯುಷ್ಯ ಜೂನ್ 30ರವರೆಗೆ. ಕಾಕುವಿನ ಕೆಲಸ ಉಳಿಯುವುದು ನನ್ನ ಮೇಲಿದೆ.’ ಮೂರನೆಯ ಸಾಲಿಗೆ ಅಡಿಗೆರೆ ಎಳೆದು, ಆಮೇಲೆ ಹೆದರಿ ಅದನ್ನು ಅಳಿಸಲು ನೋಡಿದ್ದೇನೆ. ಪೆನ್ನಿನ ಗೆರೆ ಹೋಗಿಲ್ಲ, ಕಾಗದ ತೆಳ್ಳಗಾಗಿದೆ.

ನಾನು ಕೆಲಸ ಮಾಡುವ ಶಿಕ್ಷಣ ಸಂಸ್ಥೆಗೆ ಹೆಣ್ಣುಮಕ್ಕಳ ನಾಲ್ಕು ಹಾಸ್ಟೆಲ್‌ಗಳಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಒಂದೊಂದು, ಬಸವನ ಬಾಗೇವಾಡಿಯಲ್ಲಿ ಮುಖ್ಯ ಆಫೀಸಿನ ಹಿಂದೆಯೇ ಇನ್ನೊಂದು. ಹುಡುಗಿಯರು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಗೋವಾದಲ್ಲಿ ಗಾರೆ ಕೆಲಸಕ್ಕಿರುವ ಅಪ್ಪ, ಪುಣೆಯಲ್ಲಿ ಇಟ್ಟಿಗೆ ಹೊರುವ ಅವ್ವ, ಹಲಸಂಗಿಯ ಹೊಲದಲ್ಲಿ ನಿಂತ ಅಜ್ಜ, ಬೀದರಿಗೆ ವರ್ಗವಾಗಿ ಹೋದ ಮಾಸ್ತರರು, ಎಲ್ಲರೂ ಒಂದೇ ನಂಬರಿಗೆ ಫೋನ್ ಹಚ್ಚುತ್ತಾರೆ. ಕರೆ ಮೊದಲು ಬಾಗೇವಾಡಿಗೆ ಬರುತ್ತದೆ. ಅಲ್ಲಿ ಫೋನ್ ಆಪರೇಟರ್, ಚಿಕ್ಕಮ್ಮನೆಂಬಂತೆ ನಾವೆಲ್ಲ ಕಾಕು ಎಂದು ಕರೆಯುವವರು, ಎತ್ತಿಕೊಂಡು ಯಾವ ಹಾಸ್ಟೆಲ್ಲಿಗೋ ಅಲ್ಲಿಗೆ ಕೊಡುತ್ತಾರೆ. ಸಂಜೆ ಐದರಿಂದ ಏಳರವರೆಗೆ ಅವರಿಗೆ ನೀರು ಕುಡಿಯಲೂ ಬಿಡುವಿರುವುದಿಲ್ಲ.

ಈ ಫೋನುಗಳಿಗೆ ಕಂಬದ ತಂತಿ ಇಲ್ಲ. ಮಾತು ಇಂಟರ್ನೆಟ್ಟಿನ ಮೂಲಕ ಹೋಗುತ್ತದೆ. ನಾಲ್ಕೂ ಊರಿನ ಫೋನುಗಳನ್ನು ಕೂಡಿಸುವುದು ಬಾಗೇವಾಡಿ ಆಫೀಸಿನ ಮೂಲೆಯಲ್ಲಿ, ಕಾಕುವಿನ ಮೇಜಿನ ಪಕ್ಕದಲ್ಲಿ ಕೂತಿರುವ ಒಂದು ಕಂಪ್ಯೂಟರ್, ಅದೇ ಸರ್ವರ್. ಅದರಲ್ಲಿ ಫೋನಿನ ಸಾಫ್ಟ್‌ವೇರ್ ಇದೆ. ಆ ಸಾಫ್ಟ್‌ವೇರಿನ ಕೆಳಗೆ, ಮನೆಗೆ ಅಡಿಪಾಯವಿದ್ದ ಹಾಗೆ, ಆಪರೇಟಿಂಗ್ ಸಿಸ್ಟಮ್ ಇದೆ. ಆರು ವರ್ಷದ ಹಿಂದೆ ಯಾರೋ ಹಾಕಿಹೋಗಿದ್ದ ಒಂದು ಬಗೆಯ ಲಿನಕ್ಸ್. ಅದಕ್ಕೆ ಸುರಕ್ಷತೆಯ ತಿದ್ದುಪಡಿಗಳು ಬರುವುದು ಜೂನ್ ಕೊನೆಗೆ ನಿಲ್ಲಲಿತ್ತು. ಆಮೇಲೆ ಅದನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಬಾಗಿಲಿಗೆ ಚಿಲಕವಿಲ್ಲದೆ ಮಲಗಿದ ಹಾಗೆ. ಬೇರೆಯದನ್ನು ಹಾಕಲೇಬೇಕಿತ್ತು.

ಮಾರ್ಚಿನಲ್ಲಿ ಸೇರಿದ ನನ್ನನ್ನು ಸಿಂದಗಿಯ ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದ್ದರು. ಜೂನ್ 10ರಂದು ಕಾರ್ಯದರ್ಶಿಗಳು ಕರೆಸಿದರು. ಅವರು ಮುದ್ದೇಬಿಹಾಳದ ಕಡೆಯ ಜಮೀನುದಾರರು, ಮೊದಲು ಹೆಡ್‌ಮಾಸ್ತರರಾಗಿದ್ದವರು. ಅವರ ಮೇಜಿನ ಮೇಲೆ ಫೋನ್ ಸೇವೆ ಕೊಡುವ ಒಂದು ಕಂಪನಿಯ ಒಪ್ಪಂದದ ಕಾಗದ ಇತ್ತು.

“ತಂಗಿ, ಇವರು ಹೇಳ್ತಾರ, ಎಲ್ಲಾ ನಮ್ಮ ಕಡೆನ ಇರ್ತೈತಿ ಅಂತ. ಫೋನ್ ಹಚ್ಚಿದ ಕೂಡ್ಲೆ ಮಷೀನ್ ಮಾತಾಡ್ತೈತಂತ, ಇಂಡಿಗೆ ಒಂದು ಒತ್ರಿ, ಸಿಂದಗಿಗೆ ಎರಡು ಒತ್ರಿ ಅಂತ. ಹಂಗಾದ್ರ ಕಾಕು ಯಾಕ ಬೇಕು?”

ಪಕ್ಕದ ಕೋಣೆಯಲ್ಲಿ ಕಾಕು ಯಾರಿಗೋ ಮರಾಠಿಯಲ್ಲಿ ದಾರಿ ಹೇಳುತ್ತಿದ್ದರು. ಬಾಗಿಲು ತೆರೆದೇ ಇತ್ತು. ನಾನು ದನಿ ತಗ್ಗಿಸಿ, ಈ ಕಂಪ್ಯೂಟರಿಗೇ ಹೊಸ ಸಿಸ್ಟಮ್ ಹಾಕಬಹುದು, ಹೊರಗಿನವರು ಬೇಡ ಎಂದೆ. ನಿಂತರೆ ಏನು ಎಂದು ಕೇಳಿದರು. ನಿಲ್ಲುವುದಿಲ್ಲ ಎಂದೆ. ಆ ಮಾತು ಎಲ್ಲಿಂದ ಬಂತೋ ತಿಳಿಯದು, ಯಾವ ಲೆಕ್ಕವನ್ನೂ ಮಾಡದೆ ನಾನು ಹೇಳಿದ ಮಾತು ಅದೊಂದೇ ಇರಬೇಕು.

“ಆತು. ಹೊಸಾದು ಹಾಕಿದ ಮ್ಯಾಲ ನಲವತ್ತು ದಿನ ನೋಡ್ತೇನಿ. ಒಂದು ಸಲಾನೂ ನಿಲ್ಲಬಾರ್ದು. ನಿಂತ್ರ ಇದಕ್ಕ ಸಹಿ ಮಾಡ್ತೇನಿ, ಆಗಸ್ಟಿಗೆ ಕಾಕುಂದು ಮುಂದುವರ್ಸೂದಿಲ್ಲ.”

ಕಾಕುವಿಗೆ ಐವತ್ತಾರು ವಯಸ್ಸು. ಅವರ ನೇಮಕ ಪ್ರತಿ ವರ್ಷ ಆಗಸ್ಟಿನಲ್ಲಿ ಒಂದು ಚೀಟಿಯಿಂದ ಮುಂದುವರಿಯುತ್ತದೆ. ಹತ್ತೊಂಬತ್ತು ಚೀಟಿಗಳು ಬಂದಿವೆ. ಫೋನೆತ್ತಿ “ಹಾಂ” ಎಂದರೆ ಸಾಕು, ಯಾವ ಹುಡುಗಿಯ ಮನೆಯವರು ಎಂದು ತಿಳಿಯುತ್ತಾರೆ. ನಾನು ಪಿಯುಸಿ ಓದುವಾಗ ಸಿಂದಗಿಯ ಹಾಸ್ಟೆಲ್ಲಿನಲ್ಲಿದ್ದೆ. ನಮ್ಮ ಅವ್ವನ ಕರೆಯನ್ನು ಎರಡು ವರ್ಷ ನನಗೆ ಕೊಟ್ಟವರು ಅವರೇ, ಆದರೆ ಮುಖ ನೋಡಿದ್ದು ಈ ವರ್ಷ. ಅಂದು ಹೊರಗೆ ಬಂದಾಗ ಅವರು ಕನ್ನಡಕದ ಮೇಲಿಂದ ನೋಡಿದರು.

“ಏನ್ ಕೂಸ, ನನ್ನ ಜಾತಕಾ ನಿನ್ನ ವಹಿಯೊಳಗ ಬರೀಲಿಕ್ಕತ್ತಾರಂತ? ಸುದ್ದ ಬರೀವಾ. ನಿನ್ನ ಅಕ್ಷರಾ ಇರುವಿ ಸಾಲಿನಂಗ ಅವ.”

ನಗಲು ನೋಡಿದೆ. ಆಗಲಿಲ್ಲ.

ಜೂನ್ 11ರಿಂದ 20ರವರೆಗಿನ ಪುಟಗಳ ತುಂಬ ಒಂದೇ ಪಟ್ಟಿ ಇದೆ. ನನ್ನ ಮುಂದೆ ಮೂರು ದಾರಿಗಳಿದ್ದವು. ಒಂದನೆಯದು ಹಳೆಯ ಸಿಸ್ಟಮ್ಮಿನ ವಂಶದ್ದೇ ಇನ್ನೊಂದು ಲಿನಕ್ಸ್. ಅದೇ ಆಜ್ಞೆಗಳು, ಅದೇ ಕಡತಗಳ ಜಾಗ, ಹತ್ತು ವರ್ಷ ತಿದ್ದುಪಡಿ ಬರುತ್ತದೆಂಬ ಭರವಸೆ. ಎರಡನೆಯದು ಬೇರೆ ಮನೆತನದ್ದು. ನಿಧಾನವಾಗಿ ಬದಲಾಗುವುದು, ಸಣ್ಣ ಯಂತ್ರದಲ್ಲೂ ಹಗುರವಾಗಿ ಓಡುವುದು. ನಾನು ಅದನ್ನು ಕಾಲೇಜಿನಲ್ಲಿ ಒಂದು ಸಲ ಮಾತ್ರ ಹಾಕಿ ನೋಡಿದ್ದೆ. ಮೂರನೆಯದರಲ್ಲಿ ಸಿಸ್ಟಮ್ ಮತ್ತು ಫೋನಿನ ಸಾಫ್ಟ್‌ವೇರ್ ಒಂದೇ ಗಂಟಿನಲ್ಲಿ ಬರುತ್ತವೆ. ಎಲ್ಲವನ್ನೂ ಪರದೆಯ ಮೇಲೆ ಗುಂಡಿ ಒತ್ತಿ ಮಾಡಬಹುದು, ಆದರೆ ಒಳಗೆ ಕೆಟ್ಟರೆ ಎಲ್ಲಿ ಕೈ ಹಾಕಬೇಕೋ ತಿಳಿಯುವುದಿಲ್ಲ.

ನಾಲ್ಕನೆಯದನ್ನು ಸೇರಿಸಿದವರು ಸಿಂದಗಿಯ ಕಂಪ್ಯೂಟರ್ ಸರ್. ನನ್ನ ಪಟ್ಟಿಯ ಮೇಲೆ ಚಹಾದ ಕಪ್ಪನ್ನಿಟ್ಟು, ವಿಂಡೋಸ್ ಹಾಕಿಬಿಡು, ಎಲ್ಲರಿಗೂ ಬರುತ್ತದೆ ಎಂದರು. ಈ ಸಾಫ್ಟ್‌ವೇರ್ ಲಿನಕ್ಸಿಗೆಂದೇ ಮಾಡಿದ್ದು ಎಂದು ನಾನು ವಿವರಿಸತೊಡಗಿದಾಗ ಅವರು ನಡುವೆಯೇ ಕೇಳಿದರು.

“ಅದೆಲ್ಲಾ ಖರೆ. ನೀ ನಾಳೆ ಲಗ್ನಾ ಆಗಿ ಹೋದ್ರ ಇದನ್ನ ಯಾರು ನೋಡ್ಬೇಕು?”

ಪಟ್ಟಿಗೆ ‘ನಾನಿಲ್ಲದಾಗ’ ಎಂಬ ಸಾಲು ಸೇರಿತು. ತಿದ್ದುಪಡಿಯ ವರ್ಷಗಳು, ಫೋನ್ ಸಾಫ್ಟ್‌ವೇರ್ ಮಾಡಿದವರ ಸಲಹೆ, ಈ ಹಳೆಯ ಯಂತ್ರಕ್ಕೆ ಹೊಂದುವುದು, ನನಗಿರುವ ರೂಢಿ, ನಾನಿಲ್ಲದಾಗ. ಐದು ಸಾಲು, ಒಂದೊಂದಕ್ಕೆ ಹತ್ತು ಅಂಕ. ಒಂದನೆಯದಕ್ಕೆ 41, ಎರಡನೆಯದಕ್ಕೆ 38, ಮೂರನೆಯದಕ್ಕೆ 35, ವಿಂಡೋಸಿಗೆ 22. ಮೂರು ಸಲ ಕೂಡಿಸಿದೆ. ಮೂರು ಸಲವೂ ಅಷ್ಟೇ ಬಂತು. ಜೂನ್ 20ರ ಸಂಜೆ ದೇವರ ಹಿಪ್ಪರಗಿಯ ಬಸ್ಸಿನಲ್ಲಿ ಮನೆಗೆ ಹೋಗುವಾಗ, ಬಹಳ ದಿನಗಳ ಮೇಲೆ ಸೀಟಿಗೆ ತಲೆಯೊರಗಿಸಿ ಕೂತೆ.

ಮರುದಿನ ಹಳೆಯ ಸರ್ವರ್ ಎಷ್ಟು ಸಲ ನಿಂತಿದೆ ಎಂದು ನೋಡಿದೆ. ಅದನ್ನು ಎಲ್ಲಕ್ಕಿಂತ ಮೊದಲೇ ನೋಡಬೇಕಿತ್ತು. ಸರ್ವರ್ ತಾನು ಯಾವಾಗ ಎದ್ದೆ ಎಂದು ತಾನೇ ಬರೆದಿಟ್ಟುಕೊಳ್ಳುತ್ತದೆ. ಜನವರಿಯಿಂದ ಈಚಿನದು ಮಾತ್ರ ಸಿಕ್ಕಿತು. ಜನವರಿ 11. ಫೆಬ್ರವರಿ 9. ಮಾರ್ಚ್ 10. ಏಪ್ರಿಲ್ 8. ಮೇ 8. ಜೂನ್ 6. ಸರಿಯಾಗಿ ಆರಿಸಿದ ಗುರುತು ಒಂದರಲ್ಲೂ ಇಲ್ಲ, ಎಲ್ಲವೂ ಕರೆಂಟು ಹೋದಂತೆ ದಿಢೀರನೆ ನಿಂತದ್ದು. ಪ್ರತಿ ಸಲವೂ ಮಧ್ಯಾಹ್ನ ಹನ್ನೆರಡರ ಆಸುಪಾಸು. ನಡುವಿನ ದಿನಗಳನ್ನು ಎಣಿಸಿದೆ: 29, 30, 29, 30, 29.

ಕರೆಂಟು ಹೀಗೆ ಎಣಿಸಿ ಹೋಗುವುದಿಲ್ಲ, ಅಲ್ಲದೆ ಇಡೀ ಆಫೀಸಿಗೆ ಇನ್ವರ್ಟರ್ ಬ್ಯಾಟರಿಯ ಆಸರೆ ಇದೆ. ಹಾಗಾದರೆ ಒಳಗೆ ಏನೋ ಸ್ವಲ್ಪಸ್ವಲ್ಪವೇ ತುಂಬುತ್ತ ಬಂದು ಇಪ್ಪತ್ತೊಂಬತ್ತು ಮೂವತ್ತು ದಿನಕ್ಕೆ ಯಂತ್ರವನ್ನು ಬೀಳಿಸುತ್ತಿದೆ. ನಲವತ್ತು ದಿನ ನಿಲ್ಲಬಾರದು ಎಂದಿದ್ದಾರೆ, ಇದು ಮೂವತ್ತು ದಾಟಿಲ್ಲ. ತಪ್ಪು ಆ ಸಿಸ್ಟಮ್ಮಿನ ವಂಶದಲ್ಲೇ ಇದ್ದರೆ, ಅದರ ಮಗನನ್ನು ತಂದು ಕೂರಿಸಿದರೂ ಅದೇ ಪಾಡು. ಪಟ್ಟಿಗೆ ಆರನೆಯ ಸಾಲು ಬಂತು, ‘ನಿಲ್ಲದಿರುವುದು’. ಒಂದನೆಯದಕ್ಕೆ 3, ಎರಡನೆಯದಕ್ಕೆ 8. ಮೊತ್ತ 44 ಮತ್ತು 46 ಆಯಿತು. ಎರಡು ಅಂಕಗಳಲ್ಲಿ, ನನಗೆ ರೂಢಿಯಿಲ್ಲದ ಸಿಸ್ಟಮ್ ಗೆದ್ದಿತು.

ಆ ತಾರೀಖುಗಳನ್ನು ನಾನು ನೋಡುತ್ತ ಕೂತಾಗ ಎದುರಿನ ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಹುಣ್ಣಿಮೆಗೆ ಬಿಳಿ ಗುಂಡು, ಅಮಾವಾಸ್ಯೆಗೆ ಕಪ್ಪು ಗುಂಡು ಇರುವ ನಮ್ಮ ಕಡೆಯ ಕ್ಯಾಲೆಂಡರ್. ನಾನು ಕತ್ತೆತ್ತಲಿಲ್ಲ.

ಜೂನ್ 29, ಶನಿವಾರ ಮಧ್ಯಾಹ್ನ ಹೊಸ ಸಿಸ್ಟಮ್ ಹಾಕಿದೆ. ಫೋನಿನ ಸಾಫ್ಟ್‌ವೇರನ್ನು ಅದರ ಹಳೆಯ ಜೋಡಣೆಗಳ ಸಮೇತ ಹಾಗೆಯೇ ಎತ್ತಿ ಇಟ್ಟೆ. ನಾಲ್ಕು ಗಂಟೆಗೆ ಇಂಡಿ ಸೇರಿಕೊಂಡಿತು, ನಾಲ್ಕೂ ಹತ್ತಕ್ಕೆ ಸಿಂದಗಿ. ಮುದ್ದೇಬಿಹಾಳ ಐದಾದರೂ ಬರಲಿಲ್ಲ. ಆಗಲೇ ಕರೆಗಳು ಶುರುವಾಗಿದ್ದವು. ಕಾಕು ಮುದ್ದೇಬಿಹಾಳದ ತಾಯಂದಿರಿಗೆಲ್ಲ ತಮ್ಮ ಮೊಬೈಲಿನಿಂದ ವಾರ್ಡನ್ನಿಗೆ ಸುದ್ದಿ ಮುಟ್ಟಿಸುವುದಾಗಿ ಹೇಳುತ್ತ, ನಡುನಡುವೆ ನನ್ನ ಬೆನ್ನಿನ ಕಡೆ ನೋಡುತ್ತಿದ್ದರು. ಐದೂ ಇಪ್ಪತ್ತಕ್ಕೆ ಅದೂ ಬಂತು. ಪಾಸ್‌ವರ್ಡಿನಲ್ಲಿ ಒಂದು ಅಕ್ಷರ ತಪ್ಪಿ ಹೊಡೆದಿದ್ದೆ. ಮರುದಿನ, ಜೂನ್ 30, ಒಂದನೆಯ ದಿನ. ನಲವತ್ತನೆಯದು ಆಗಸ್ಟ್ 8.

ಪ್ರತಿ ಶನಿವಾರ ಕಾರ್ಯದರ್ಶಿಗಳು ಆಫೀಸಿಗೆ ಬಂದಾಗ ನಾನೊಂದು ಹಾಳೆ ಕೊಡಬೇಕಿತ್ತು. ತಾರೀಖು, ಬಂದ ಕರೆ, ಕೊಟ್ಟ ಕರೆ, ಕಟ್ ಆದದ್ದು, ಕೊನೆಗೆ ‘ನಿಂತದ್ದು’ ಎಂಬ ಕಾಲಂ.

ಜುಲೈ 5, ಶುಕ್ರವಾರ, ಆರನೆಯ ದಿನ. ಮುದ್ದೇಬಿಹಾಳದ ಹಾಸ್ಟೆಲ್ಲಿಗೆ ಹೊಸ ಕೇಬಲ್ ಹಾಕಲು ಹೋಗಿದ್ದೆ. ಬೆಳಿಗ್ಗೆ 11 ಗಂಟೆ 48 ನಿಮಿಷಕ್ಕೆ ವಾರ್ಡನ್ ಮೇಜಿನ ಮೇಲಿನ ಫೋನಿನ ದೀಪ ಆರಿತು. ಪರದೆಯ ಮೇಲೆ ಸಂಪರ್ಕವಿಲ್ಲ ಎಂದು ಬಂತು. ನನ್ನ ಕೇಬಲ್ಲಿನ ತಪ್ಪಿರಲಿ ಎಂದು ಬೇಡಿಕೊಂಡೆ. ಹಳೆಯ ಕೇಬಲ್ ಚುಚ್ಚಿದರೂ ಹಾಗೇ. ಇಂಡಿಗೆ ಮೊಬೈಲಿನಿಂದ ಕೇಳಿದೆ, ಅಲ್ಲಿಯೂ ಆರಿತ್ತು. ಕಾಕುವಿನ ಮೊಬೈಲ್ ರಿಂಗಾಗುತ್ತಿತ್ತು, ಎತ್ತಲಿಲ್ಲ. ನಾನು ಬೆವರುತ್ತಿರುವುದನ್ನು ನೋಡಿ ವಾರ್ಡನ್ ಅಕ್ಕಿ ಆರಿಸುವುದನ್ನು ಬಿಟ್ಟು, ಅದೇನು ಅಂಥ ದೊಡ್ಡ ವಿಷಯ ಎಂಬಂತೆ ಹೇಳಿದರು.

“ಇವತ್ತ ಮಣ್ಣೆತ್ತಿನ ಅಮಾಸಿ ಅಲ್ಲೇನ್ರಿ. ಮುಂಜಾನೆನ ಹೇಳ್ಯಾರ ಕಾಕು. ಹನ್ನೆರಡರೊಳಗ ಬರ್ತೈತಿ, ಕುಂದರ್ರಿ.”

11 ಗಂಟೆ 57ಕ್ಕೆ ದೀಪ ಬಂತು. ನಾನು ಕೂರಲಿಲ್ಲ. ಬಾಗೇವಾಡಿಯ ಬಸ್ಸು ಒಂದೂಕಾಲು ತಾಸು ತೆಗೆದುಕೊಂಡಿತು. ಅಷ್ಟೂ ಹೊತ್ತು ನೋಟ್‌ಬುಕ್ಕಿನಲ್ಲಿ ಆ ಆರು ತಾರೀಖುಗಳನ್ನೇ ನೋಡುತ್ತಿದ್ದೆ. ಮೊಬೈಲಿನಲ್ಲಿ ಪಂಚಾಂಗ ತೆಗೆದು ಒಂದೊಂದಾಗಿ ಹೊಂದಿಸಿದೆ. ಆರಕ್ಕೆ ಆರೂ ಅಮಾವಾಸ್ಯೆ.

ಸರ್ವರಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಾಗಿತ್ತು. ಹಣೆಯಂಥ ಜಾಗದಲ್ಲಿ ಕುಂಕುಮ, ಅರಿಸಿನ, ಎರಡು ಸೇವಂತಿಗೆ. ಕೆಳಗೆ ಒಡೆದ ಕಾಯಿಯ ಒಂದು ಹೋಳು. ಅಂಗಡಿಯವರು ತಕ್ಕಡಿಗೆ, ಗಿರಣಿಯವರು ಮೋಟಾರಿಗೆ, ಟಂಟಂ ಓಡಿಸುವವರು ಗಾಡಿಗೆ ಮಾಡುವ ಪೂಜೆ. ಗಾಡಿಯನ್ನು ನಿಲ್ಲಿಸದೆ ತೊಳೆಯುವುದು ಹೇಗೆ? ಕಾಕು ಪ್ರತಿ ಅಮಾವಾಸ್ಯೆ ಗೋಡೆಯ ಸ್ವಿಚ್ ಆರಿಸಿ, ಒರೆಸಿ, ಪೂಜೆ ಮಾಡಿ ಮತ್ತೆ ಹಚ್ಚುತ್ತಿದ್ದರು. ನನಗೆ ಕಾಯಿಯ ಇನ್ನೊಂದು ಹೋಳನ್ನು ತೆಗೆದಿಟ್ಟಿದ್ದರು.

ನಾನು ಹೇಳಿದ್ದು ಒರಟಾಗಿಯೇ ಇತ್ತೆಂದು ಬರೆದುಕೊಂಡಿದ್ದೇನೆ. ಒಂದು ಸಲ ನಿಂತರೂ ನಿಮ್ಮ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ಹೀಗೇಕೆ ಮಾಡಿದಿರಿ ಎಂದು ಕೇಳಿದೆ. ಅವರು ನಿಜವಾಗಿ ಆಶ್ಚರ್ಯಪಟ್ಟರು.

“ಇದು ನಿಂತದ್ದೇನು? ನಾ ಆರಿಸಿದ್ದಲ್ಲ? ಆರು ವರ್ಷಾತು, ಒಂದು ಅಮಾಸಿ ಬಿಟ್ಟಿಲ್ಲ. ಒಂದು ದಿನಾ ಕೆಟ್ಟಿಲ್ಲ ನೋಡು ಇದು.”

“ಕಾರ್ಯದರ್ಶಿಯವರು ಹಂಗ ತಿಳಕೊಳ್ಳೂದಿಲ್ರಿ ಕಾಕು.”

ಅವರು ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ, ಹಾಗಾದರೆ ಕಾಕುವೇ ಆರಿಸಿದ್ದು ಎಂದು ಬರೆದುಕೊಡು, ಸುಳ್ಳು ಬೇಡ ಎಂದರು. ಫೋನು ಬಂತು, ಎತ್ತಿಕೊಂಡರು.

ಮರುದಿನದ ಹಾಳೆಯಲ್ಲಿ ಜುಲೈ 5ರ ಮುಂದೆ ‘ನಿಂತದ್ದು’ ಕಾಲಮ್ಮಿನಲ್ಲಿ ನಾನು ಒಂದು ಅಡ್ಡಗೆರೆ ಎಳೆದೆ, ಉಳಿದ ದಿನಗಳ ಹಾಗೆಯೇ. ಬರೆದರೆ ಅವರ ಕೆಲಸ ಅವರ ಕೈಯಿಂದಲೇ ಹೋಗುತ್ತಿತ್ತು. ಕಾರ್ಯದರ್ಶಿಗಳು ಬೆರಳು ಆಡಿಸಿ, ಅಡ್ಡಗೆರೆಗಳನ್ನು ಎಣಿಸಿ, ಸಹಿ ಹಾಕಿದರು. ಏಳನೆಯ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಎರಡು ಪುಸ್ತಕಗಳಲ್ಲಿ ಎರಡು ಬಗೆಯಾಗಿ ಬರೆದದ್ದು ಅದೇ ಮೊದಲು.

ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿದೆ. ಆರನೆಯ ಸಾಲಿನ ಅಂಕಗಳು ಸುಳ್ಳೆಂದು ತಿಳಿದಿತ್ತು. ಒಂದನೆಯ ಸಿಸ್ಟಮ್ಮಿನ ಮೇಲೆ ನಾನು ಹೊರಿಸಿದ ಅಪರಾಧ ಅದರದ್ದಲ್ಲ. ಆದರೆ ಈಗ ಬದಲಿಸಿದರೆ ಮತ್ತೆ ನಿಲ್ಲಿಸಬೇಕು. ಆಯ್ದದ್ದರ ಜೊತೆಗೇ ಇರಬೇಕಿತ್ತು.

ಜುಲೈ 6ರಿಂದ ಪ್ರತಿ ಬೆಳಿಗ್ಗೆ ಒಂಬತ್ತಕ್ಕೆ ಸರ್ವರಿನಲ್ಲಿ ಎಷ್ಟು ಮೆಮೊರಿ ಖಾಲಿ ಇದೆ ಎಂದು ಬರೆಯತೊಡಗಿದೆ. ಮೊದಲ ದಿನ ನೂರಕ್ಕೆ 91. ಮರುದಿನ 88. ಲಿನಕ್ಸ್ ಖಾಲಿ ಜಾಗವನ್ನು ತಾನೇ ಬಳಸಿಕೊಂಡು ಬೇಕಾದಾಗ ಬಿಟ್ಟುಕೊಡುತ್ತದೆ, ಹೆದರಬಾರದು ಎಂದು ಓದಿದ್ದೆ. ಜುಲೈ 14ಕ್ಕೆ 69. ಜುಲೈ 22ಕ್ಕೆ 46. ಅದು ಬಿಟ್ಟುಕೊಡುತ್ತಿರಲಿಲ್ಲ. ಜುಲೈ 24ರಂದು ಕಾರಣ ಸಿಕ್ಕಿತು. ಕಾಕು ಕರೆಯನ್ನು ಹಾಸ್ಟೆಲ್ಲಿಗೆ ಕೊಟ್ಟು, ಹುಡುಗಿಯನ್ನು ಕರೆತರುವವರೆಗೆ, ಕಾಯುವವರಿಗೆ ಕೊಳಲಿನ ಟ್ಯೂನ್ ಕೇಳಿಸುತ್ತದೆ. ಅದನ್ನು ನುಡಿಸುವ ಪ್ರೋಗ್ರಾಮಿನ ತುಣುಕನ್ನು ಆರು ವರ್ಷದ ಹಿಂದಿನವರು ಬರೆದಿದ್ದರು. ಪ್ರತಿ ಕರೆ ಮುಗಿದಾಗಲೂ ಅದು ಒಂದಿಷ್ಟು ಮೆಮೊರಿಯನ್ನು ಹಿಡಿದುಕೊಂಡೇ ಉಳಿಯುತ್ತಿತ್ತು. ಹಳೆಯ ಯಂತ್ರದಲ್ಲೂ ಇದೇ ಆಗುತ್ತಿದ್ದಿರಬೇಕು. ಅಲ್ಲಿ ತುಂಬುವ ಮೊದಲೇ ಅಮಾವಾಸ್ಯೆ ಬರುತ್ತಿತ್ತು, ಸ್ವಿಚ್ ಆರುತ್ತಿತ್ತು, ಎಲ್ಲ ಖಾಲಿಯಾಗುತ್ತಿತ್ತು.

ನಾನು ಅದಕ್ಕೆ ಅಂಟುಪಟ್ಟಿ ಹಚ್ಚಿದ್ದೆ.

ಜುಲೈ 26ರಂದು ಟ್ಯೂನನ್ನೇ ತೆಗೆದು ನೋಡಿದೆ. ಸಂಜೆ ಹನ್ನೊಂದು ಜನ ಸದ್ದಿಲ್ಲವೆಂದು ಕಟ್ ಮಾಡಿ ಮತ್ತೆ ಹಚ್ಚಿದರು. ವಾಸ್ಕೋದಿಂದ ಮಾತಾಡುತ್ತಿದ್ದ ಒಬ್ಬ ಅಪ್ಪನಂತೂ ನಾಲ್ಕು ಸಲ ಹಚ್ಚಿ, ಐದನೆಯ ಸಲ ಕಾಕುವಿನ ಮೇಲೆ ರೇಗಿ, ಕೆಲಸಕ್ಕೆ ಹೊತ್ತಾಯಿತೆಂದು ಇಟ್ಟುಬಿಟ್ಟ. ಅವನ ಮಗಳು ಇಂಡಿಯಲ್ಲಿ ಫೋನಿನ ಹತ್ತಿರ ಬಂದು ನಿಂತಿದ್ದಳಂತೆ. ಟ್ಯೂನನ್ನು ವಾಪಸು ಹಾಕಿದೆ. ಹೊಸದಾಗಿ ಬರೆಯುವಷ್ಟು ನನಗೆ ಬರುತ್ತಿರಲಿಲ್ಲ. ಪ್ರಯತ್ನಿಸಿದ ಎರಡು ದಿನ ನೋಟ್‌ಬುಕ್ಕಿನಲ್ಲಿ ಬರೀ ‘ಆಗಲಿಲ್ಲ’ ಎಂದಿದೆ.

ಜುಲೈ 31: 21. ಆಗಸ್ಟ್ 2: 16. ಲೆಕ್ಕ ಹಾಕಿದರೆ ಆಗಸ್ಟ್ 7ಕ್ಕೋ 8ಕ್ಕೋ ಸೊನ್ನೆ. ನಲವತ್ತನೆಯ ದಿನ 8. ಅದು ತಾನಾಗಿ ಬಿದ್ದರೆ ಸಂಜೆ ಐದರಿಂದ ಏಳರ ನಡುವೆಯೇ ಬೀಳುತ್ತದೆ, ಏಕೆಂದರೆ ಹೆಚ್ಚಿನ ಕರೆಗಳು ಇರುವುದೇ ಆಗ. ಬೆಳಿಗ್ಗೆ ಆರಕ್ಕೆ ಬಂದು ನಾನೇ ಆರಿಸಿ ಹಚ್ಚಿದರೆ ಯಾರಿಗೂ ತಿಳಿಯುವುದಿಲ್ಲ. ಕಾಲಮ್ಮಿನಲ್ಲಿ ಇನ್ನೊಂದು ಅಡ್ಡಗೆರೆ, ಅಷ್ಟೇ. ಆ ವಾರ ಊಟ ಸೇರಲಿಲ್ಲ. ಅವ್ವ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು.

ಆಗಸ್ಟ್ 3, ಶನಿವಾರ, ಮೂವತ್ತೈದನೆಯ ದಿನ. ಕಾರ್ಯದರ್ಶಿಗಳ ಮುಂದೆ ಎರಡು ಹಾಳೆಗಳನ್ನಿಟ್ಟೆ. ಒಂದು ಆ ವಾರದ್ದು. ಇನ್ನೊಂದು ಜುಲೈ 6ರ ಹಾಳೆಯನ್ನು ತಿದ್ದಿ ಬರೆದದ್ದು: ‘ಜುಲೈ 5, 11.48ರಿಂದ 11.57, ನಿಂತಿತ್ತು.’ ಮೆಮೊರಿಯ ಅಂಕಿಗಳನ್ನೂ ತೋರಿಸಿದೆ. ಏನು ಹೇಳಿದೆ, ಎಷ್ಟು ಹೊತ್ತು ಹೇಳಿದೆ ನೆನಪಿಲ್ಲ. ಅವರು ಕನ್ನಡಕ ತೆಗೆದಿಟ್ಟದ್ದು ನೆನಪಿದೆ.

“ಹಳೇದು ಆರು ವರ್ಷ ನಡೀತಲ್ಲ, ಆಗ ಯಾಕ ಬೀಳಲಿಲ್ಲ?”

“ತಿಂಗಳಿಗೊಮ್ಮೆ ಆರಿಸ್ತಿದ್ರು ರೀ. ಅಮಾಸಿಗೆ.”

“ಯಾರು?”

ನಾನು ಬಾಯಿ ತೆರೆಯುವುದರೊಳಗೆ ಕಾಕು ಬಾಗಿಲಲ್ಲಿ ನಿಂತಿದ್ದರು. ಅವರು ನೋಡಿದ್ದು ಕಾರ್ಯದರ್ಶಿಗಳನ್ನಲ್ಲ, ನನ್ನನ್ನು.

“ನೀ ಅವತ್ತ ಬರೆದಿರಲಿಲ್ಲೇನು?”

ನಾನು ಇಲ್ಲ ಎಂದೆ. ಅವರು ಒಳಗೆ ಬಂದು, ಯಾರೂ ಕೇಳದಿದ್ದರೂ, ಒಂದೊಂದಾಗಿ ಹೇಳಿದರು: ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನಾಲ್ಕೂ ವಾರ್ಡನ್‌ಗಳಿಗೆ ಹೇಳುತ್ತಾರೆ, ಹನ್ನೆರಡರ ಹೊತ್ತಿಗೆ ಹಚ್ಚುವ ರೂಢಿಯ ಇಬ್ಬರು ಮೂವರು ಪಾಲಕರಿಗೆ ಹಿಂದಿನ ದಿನವೇ ಹೇಳಿರುತ್ತಾರೆ, ಆರಿಸುವ ಮೊದಲು ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ನೋಡುತ್ತಾರೆ. ಮಾತಾಡುತ್ತಿದ್ದರೆ ಕಾಯುತ್ತಾರೆ. ಮೇ ತಿಂಗಳ ರಜೆಯಲ್ಲೂ ಬಂದು ಮಾಡಿಹೋಗಿದ್ದಾರೆ.

ಕಾರ್ಯದರ್ಶಿಗಳು ಬಹಳ ಹೊತ್ತು ಹಾಳೆಗಳನ್ನು ನೋಡಿದರು. ಆರು ವರ್ಷದಲ್ಲಿ ತಮ್ಮವರೆಗೆ ಒಂದೂ ತಕರಾರು ಬಂದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ನಂತರ ನನ್ನ ಕಡೆ ತಿರುಗಿದರು.

“ಕಾಕು ಆರಿಸಿದ್ದು ನನಗ ದೊಡ್ಡ ಮಾತಲ್ಲ ತಂಗಿ. ನೀ ಗೆರಿ ಎಳದೆಲ್ಲ, ಅದು. ನಾ ಅದರ ಕೆಳಗ ಸಹಿ ಮಾಡೇನಿ.”

ನಾಳೆ ನಾಗರ ಅಮಾವಾಸ್ಯೆ, ಮಧ್ಯಾಹ್ನ ಆರಿಸಿ ಹಚ್ಚಿರಿ, ನಾಲ್ಕೂ ಕಡೆ ಚೀಟಿ ಅಂಟಿಸಿರಿ ಎಂದರು. ಕಾಕುವಿನ ವಿಚಾರ ಎಂಟನೆಯ ತಾರೀಖು ಕಳೆದ ಮೇಲೆ. ಕಂಪನಿಯ ಕಾಗದ ಮೇಜಿನ ಮೇಲೆ ಅದೇ ಜಾಗದಲ್ಲೇ ಇತ್ತು.

ಆಗಸ್ಟ್ 4ರಂದು ಅಂಟುಪಟ್ಟಿಯನ್ನು ನಾನೇ ಕಿತ್ತೆ. ಸ್ವಿಚ್ಚಿನ ಬದಲು ಆಜ್ಞೆ ಕೊಟ್ಟು ಸರಿಯಾಗಿ ಆರಿಸುವುದನ್ನು ಕಾಕುವಿಗೆ ತೋರಿಸಿದೆ. ಅವರು ಒಂದು ಚೀಟಿಯಲ್ಲಿ ತಮ್ಮ ಅಕ್ಷರದಲ್ಲಿ ಬರೆದುಕೊಂಡರು. 12 ಗಂಟೆಯಿಂದ 12 ಗಂಟೆ 6 ನಿಮಿಷದವರೆಗೆ ಸರ್ವರ್ ಆರಿತ್ತು. ಪೂಜೆ ಆಯಿತು. ಕಾಕು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಕಾಯಿಯನ್ನು ಮಾತ್ರ ಕೊಟ್ಟರು. 5, 6, 7, 8. ಸರ್ವರ್ ನಡೆಯಿತು. ಮೆಮೊರಿಯ ಅಂಕಿ ಇಳಿಯುವುದು ಈಗ ನನಗೆ ಗೊತ್ತಿದ್ದ ಇಳಿತ. ಆದರೂ 8ರ ಸಂಜೆ ಏಳಾಗುವವರೆಗೆ ಅದರ ಮುಂದಿನಿಂದ ಏಳಲಿಲ್ಲ.

9ಕ್ಕೆ ಪಂಚಮಿ, ಹುಡುಗಿಯರೆಲ್ಲ ಊರಿಗೆ ಹೋದರು. ಚೀಟಿ ಬಂದದ್ದು 12, ಸೋಮವಾರ, ಐದಕ್ಕೆ ಐದು ನಿಮಿಷ ಇರುವಾಗ. ಸಿಪಾಯಿ ಅದನ್ನು ಕಾಕುವಿನ ಮೇಜಿನ ಮೇಲಿಟ್ಟು ಹೋದ. ಲಕೋಟೆ ಅಂಟಿಸಿತ್ತು. ಅವರು ಕೈ ಚಾಚುವಷ್ಟರಲ್ಲಿ ಫೋನ್ ಬಂತು. ಹಬ್ಬ ಮುಗಿಸಿ ಬಸ್ಸು ಹತ್ತಿಸಿದ ಮಗಳು ಮುಟ್ಟಿದಳೋ ಇಲ್ಲವೋ ಎಂದು ಕೇಳುವವರ ಸಾಲು. ಒಬ್ಬರಿಗೆ ಮುಟ್ಟಿದ್ದಾಳೆ ಎನ್ನುವುದು, ಇನ್ನೊಬ್ಬರಿಗೆ ಸಿಂದಗಿಯ ಬಸ್ಸು ತಡವಾಗಿದೆ, ಅಳಬ್ಯಾಡವ್ವಾ, ಅರ್ಧ ತಾಸಿಗೆ ಹಚ್ಚು ಎನ್ನುವುದು. ಲಕೋಟೆ ಫೋನಿನ ತಂತಿಯ ಕೆಳಗೆ ಇತ್ತು. ಒಡೆದು ನೋಡಲೇ ಎಂದು ಸನ್ನೆಯಲ್ಲಿ ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ನಾನು ಎದುರಿನ ಬೆಂಚಿನ ಮೇಲೆ ಕೂತು ಕರೆ ಎಣಿಸಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಏಳರವರೆಗೆ ಅರವತ್ತನಾಲ್ಕು.

ಏಳಾದ ಮೇಲೆ ಕನ್ನಡಕ ಒರೆಸಿಕೊಂಡು ಒಡೆದರು. ಓದಿದರು. ಮತ್ತೆ ಮೊದಲಿನಿಂದ ಓದಿದರು. ನನ್ನ ಕೈಗೆ ಕೊಟ್ಟರು. ನೇಮಕ ಮುಂದುವರಿಸಲಾಗಿದೆ ಎಂದಿತ್ತು. ಅದರ ಮುಂದೆ, ಹನ್ನೊಂದು ತಿಂಗಳಿಗೆ.

“ಹೋದ ಸಲ ಹನ್ನೆರಡಿತ್ತು,” ಎಂದರು ಕಾಕು.

ಹಿಂದಿನ ಹತ್ತೊಂಬತ್ತರಲ್ಲೂ ಹನ್ನೆರಡೇ ಇತ್ತಂತೆ. ಕೈ ತಪ್ಪಿ ಬರೆದದ್ದೋ, ಎಲ್ಲರಿಗೂ ಹೀಗೇ ಬಂದಿದೆಯೋ, ಅಥವಾ ನಾನು ಎಳೆದ ಗೆರೆಗೆ ಕಡಿದುಕೊಂಡ ಒಂದು ತಿಂಗಳೋ ಎಂದು ಕೇಳಲು ಕಾರ್ಯದರ್ಶಿಗಳು ಶನಿವಾರದವರೆಗೆ ಬರುವುದಿಲ್ಲ. ಕಾಕು ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿಕೊಳ್ಳುತ್ತ, ಶನಿವಾರ ನೀ ಕೇಳಬೇಡ, ನಾನೇ ಕೇಳುತ್ತೇನೆ ಎಂದರು. ಹೂಂ ಎಂದೆ. ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ಕೂಡಿಯೇ ನಡೆದೆವು.